ರಕ್ತಕ್ಕೆ ಹೆಪ್ಪು ಹಾಕಿದವರು ಯಾರು?

ಹೋದ ಜನವರಿಯ ಒಂದು ಭಾನುವಾರ. ಹೊನ್ನವಳ್ಳಿಯ ಆಚೆಗಿರುವ ಅಕ್ಕನ ಮನೆಗೆ ಹೋದರೆ, ಅಂಗಳದ ಎಳೆಬಿಸಿಲಿನಲ್ಲಿ ಎರಡನ್ನು ಕಾಯಲು ಇಟ್ಟಿದ್ದರು. ಒಂದು, ಚಳಿಗೆ ಗಟ್ಟಿಯಾಗಿದ್ದ ಕೊಬ್ಬರಿ ಎಣ್ಣೆಯ ಬಾಟಲಿ. ಇನ್ನೊಂದು, ನಮ್ಮ ಭಾವ.

ಎರಡಕ್ಕೂ ಕಾರಣ ಒಂದೇ ಎಂದು ಆಮೇಲೆ ಗೊತ್ತಾಯಿತು. ಎರಡೂ ಕರಗಬೇಕಿತ್ತಂತೆ.

ಭಾವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ಬಲಗಾಲು ಕಾಲಿನ ಹಾಗೆಯೇ ಇತ್ತು. ಎಡಗಾಲಿನ ಮೀನಖಂಡ ಮಾತ್ರ ಊದಿ, ಚರ್ಮ ಬಿಗಿದು ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿದ್ದವರು ಭಾವನ ತಮ್ಮ ಬಸವರಾಜು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ರಿಟೈರ್ ಆದವರು. (ಶಾಲೆಯಿಂದ ಮಾತ್ರ. ಸೀಟಿ ಊದುವುದರಿಂದ ಇನ್ನೂ ಆಗಿಲ್ಲ.) ಪಂಚೆ ಮೇಲೆ ಕಟ್ಟಿಕೊಂಡು, ಅಂಗೈಗೆ ಎಣ್ಣೆ ಸುರಿದುಕೊಂಡು, ಊದಿದ ಜಾಗವನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೇಲಕ್ಕೆ ತಿಕ್ಕುತ್ತಿದ್ದರು. ಭಾವ ಹಲ್ಲು ಕಚ್ಚಿಕೊಂಡಿದ್ದರು.

"ಏನ್ ಮೇಷ್ಟ್ರೇ ಇದು?"

"ರಕ್ತ ಹೆಪ್ಪುಗಟ್ಟೈತೆ ಕಣ್ರೀ. ಚಳಿ ನೋಡಿ ಹೆಂಗೈತೆ! ಬಾಟ್ಲಿಲಿರೋ ಎಣ್ಣೆ ಗಟ್ಟಿಯಾಗಲ್ವಾ, ಹಂಗೇ ಇದೂವೆ. ಬಿಸಿಲು ಕಾಸಿ, ಬಿಸಿ ಎಣ್ಣೆ ಹಾಕಿ ತಿಕ್ಕಿದ್ರೆ ಕರಗಿ ಹರ್ಕೊಂಡು ಹೋಯ್ತದೆ."

ನಾನು ದಂಗಾದೆ. ಯಾಕೆ ಹೇಳಿ? ಮೇಷ್ಟ್ರು ರೋಗವನ್ನು ಸರಿಯಾಗಿಯೇ ಹೇಳಿದ್ದರು! ಜೀವಮಾನದಲ್ಲಿ ಮೊದಲ ಸಲ ಅವರ ಬಾಯಿಂದ ಬಂದ ಒಂದು ವೈದ್ಯಕೀಯ ಮಾತು ನಿಜವಾಗಿತ್ತು. ಮದ್ದು ಮಾತ್ರ ಕೊಲ್ಲುವಂಥದ್ದಾಗಿತ್ತು.

"ಹರಿದು ಎಲ್ಲಿಗೆ ಹೋಗುತ್ತೆ ಮೇಷ್ಟ್ರೇ?"

"ಎಲ್ಲಿಗಾರ ಹೋಗ್ಲಿ ಬುಡಿ. ಕಾಲಿಂದ ಹೋದ್ರೆ ಸಾಕಲ್ವಾ?"

ಈ ಕಾಲಿನ ಕತೆ ಶುರುವಾಗಿದ್ದು ಅಟ್ಟದಿಂದ. ನಮ್ಮ ಸೀಮೆಯಲ್ಲಿ ಮನುಷ್ಯರು ಕೆಳಗೆ ಮಲಗುತ್ತಾರೆ, ತೆಂಗಿನಕಾಯಿ ಅಟ್ಟದ ಮೇಲೆ ಮಲಗುತ್ತದೆ. ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾದ ಮೇಲೆ ಅದನ್ನು ಇಳಿಸಬೇಕು. ಆಳುಗಳಿದ್ದರೂ ಭಾವನೇ ಹತ್ತಬೇಕು. ಇನ್ನೊಬ್ಬರು ಹತ್ತಿದರೆ ಕೊಬ್ಬರಿ ಕಣ್ಣೀರು ಹಾಕುತ್ತದೆ ಎಂಬ ನಂಬಿಕೆ ಅವರದು. ಅಕ್ಕ ಬೇಡವೆಂದಳು. ಹತ್ತಿದರು. ಇಳಿಯುವಾಗ ಏಣಿಯ ಕೊನೆಯ ಮೆಟ್ಟಿಲು ಬಂದೇಬಿಟ್ಟಿತು ಅಂದುಕೊಂಡು ನೆಲಕ್ಕೆ ಕಾಲಿಟ್ಟರು. ಮೆಟ್ಟಿಲು ಇನ್ನೂ ಬಾಕಿ ಇತ್ತು. ಪಾದದ ಮೇಲಿನ ಮೂಳೆ ಮುರಿಯಿತು.

ತಿಪಟೂರಿನ ಮೂಳೆ ಡಾಕ್ಟರು ಪ್ಲಾಸ್ಟರ್ ಹಾಕಿದರು. ನಾನೂ ಅಲ್ಲಿದ್ದೆ. ಅವರು ಹೇಳಿದ್ದು ಇಷ್ಟು: "ಮುರಿದ ಕಾಲಿಗೆ ರೆಸ್ಟ್ ಕೊಡಿ. ಹಾಗಂತ ನೀವು ಮಲಗೇ ಇರಬೇಡಿ. ಬೆರಳು ಆಡಿಸ್ತಾ ಇರಿ. ಆ ಕಾಲು ಊರದ ಹಾಗೆ ವಾಕರ್ ಹಿಡ್ಕೊಂಡು ಮನೆಯೊಳಗೆ ಓಡಾಡಿ. ನೀರು ಚೆನ್ನಾಗಿ ಕುಡೀರಿ. ಕಾಲು ಊದಿದ್ರೆ, ನೋವು ಜಾಸ್ತಿಯಾದ್ರೆ ಕಾಯಬೇಡಿ, ತಕ್ಷಣ ಬನ್ನಿ."

ಮನೆಯವರು ಕೇಳಿಸಿಕೊಂಡಿದ್ದು ಇಷ್ಟು: "ರೆಸ್ಟ್."

ಅಷ್ಟು ಚಿಕ್ಕ ಇಂಗ್ಲಿಷ್ ಪದಕ್ಕೆ ನಮ್ಮ ಮನೆಗಳಲ್ಲಿ ಎಷ್ಟು ಮರ್ಯಾದೆ ನೋಡಿ. ನಡುಮನೆಗೆ ಮಂಚ ಬಂತು. ಮಂಚದ ಮೇಲೆ ಹೊಸ ಹಾಸಿಗೆ ಬಂತು. ಭಾವನನ್ನು ಅದರ ಮೇಲೆ ಮಲಗಿಸಿದರು. ಊಟ ಅಲ್ಲಿಗೆ, ಕಾಫಿ ಅಲ್ಲಿಗೆ, ಟಿವಿ ಅಲ್ಲಿಗೆ, ಬಕೆಟ್ಟೂ ಅಲ್ಲಿಗೆ. ವಾಕರ್ ಏನಾಯಿತು ಅಂತೀರಾ? ಹಿತ್ತಲಲ್ಲಿ ಅದರ ಮೇಲೆ ಟವೆಲ್ ಒಣಗುತ್ತಿತ್ತು.

ಇನ್ನು ನೋಡಲು ಬರುವವರು. ಕಾಲು ಮುರಿದವನನ್ನು ನೋಡದೆ ಇದ್ದರೆ ನಮ್ಮ ಕಡೆ ತಲೆಮಾರುಗಟ್ಟಲೆ ಮಾತು ಬಿಡುತ್ತಾರೆ. ಹಾಗಾಗಿ ಎಲ್ಲರೂ ಬಂದರು. ಕೈಯಲ್ಲಿ ಎಳನೀರು ಹಿಡಿದೇ ಬಂದರು. (ತೆಂಗಿನ ತೋಟದ ಮನೆಗೆ ಎಳನೀರು ತರುವ ಧೈರ್ಯ ನಮ್ಮವರಿಗಲ್ಲದೆ ಇನ್ಯಾರಿಗಿದೆ?) ಬಂದವರನ್ನು ಕಂಡು ಭಾವ ಏಳಲು ಹೋದರೆ ಬಾಗಿಲಲ್ಲೇ ಕೂಗು.

"ಏಳ್ಬೇಡಿ, ಏಳ್ಬೇಡಿ! ಮಲಕ್ಕಳಿ ನೀವು!"

ಒಬ್ಬರಾದ ಮೇಲೆ ಒಬ್ಬರು. ಬೆಳಿಗ್ಗೆ ಒಂದು ಗುಂಪು, ಸಂಜೆ ಒಂದು ಗುಂಪು. ಪಾಪ, ಭಾವನಿಗೆ ಏಳುವ ಆಸೆಯಿತ್ತೋ ಇಲ್ಲವೋ ಗೊತ್ತಿಲ್ಲ. ಇದ್ದರೂ ಊರಿನ ಪ್ರೀತಿ ಬಿಡಲಿಲ್ಲ. ಬೆರಳು ಆಡಿಸಿ ಎಂದು ನಾನು ಫೋನಿನಲ್ಲಿ ಹೇಳಿದರೆ ಅಕ್ಕ ಗದರಿದಳು. "ಮೂಳೆ ಕೂಡ್ಕೋಬೇಕು ಕಣೇ! ಅಲ್ಲಾಡಿಸಿದ್ರೆ ಹೆಂಗೆ ಕೂಡ್ಕಂತದೆ?" ಅವಳ ದನಿಯಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ. ಗಂಡ ಇನ್ನೊಮ್ಮೆ ಬಿದ್ದರೆ ಎಂಬ ಹೆದರಿಕೆ.

ತಿಂಗಳ ಮೇಲಾದ ನಂತರ ಪ್ಲಾಸ್ಟರ್ ಬಿಚ್ಚಿದರು. ಒಳಗಿನಿಂದ ಹೊರಬಂದ ಕಾಲು ಸೊರಗಿ ಸಣ್ಣಗಾಗಿತ್ತು. ಕೆಲಸವಿಲ್ಲದ ಸ್ನಾಯು ಸೊರಗುತ್ತದೆ, ಅದೇನೂ ವಿಶೇಷವಲ್ಲ. ವಿಶೇಷ ನಡೆದದ್ದು ಆಮೇಲೆ. ಸೊರಗಿದ್ದ ಕಾಲು ಕೆಲವೇ ದಿನಗಳಲ್ಲಿ ಊದತೊಡಗಿತು. ಮನೆಯವರಿಗೆ ಗಾಬರಿಯಾಯಿತೇ? ಇಲ್ಲ. ಸಂತೋಷವಾಯಿತು! ಅಕ್ಕ ಫೋನ್ ಮಾಡಿ ಹೇಳಿದಳು. "ಕಾಲು ತುಂಬ್ಕೊಳ್ತಾ ಐತೆ ಕಣೇ. ಎಳ್ಳುಂಡೆ, ತುಪ್ಪ ತಿನ್ನಿಸಿದ್ದು ಸಾರ್ಥಕ ಆಯ್ತು."

ಒಂದೇ ಕಾಲಿಗೆ ಹೋಗಿ ಸೇರುವ ತುಪ್ಪ ಯಾವುದಪ್ಪಾ ಎಂದು ನನಗೆ ಅನುಮಾನ ಬಂತು. ಅದಕ್ಕೇ ಆ ಭಾನುವಾರ ಹೊರಟು ಹೋದದ್ದು. ಹೋದರೆ ಅಂಗಳದಲ್ಲಿ ಈ ದೃಶ್ಯ.

"ತಿಕ್ಕೋದು ನಿಲ್ಲಿಸಿ ಮೇಷ್ಟ್ರೇ. ಭಾವ, ಕಾರಲ್ಲಿ ಕೂತ್ಕೊಳ್ಳಿ. ಈಗಲೇ ತಿಪಟೂರಿಗೆ ಹೋಗೋಣ."

ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೇಡಂನೋರೇ, ನೀವು ಕಾಲೇಜಲ್ಲಿ ಕಾಮರ್ಸ್ ಹೇಳ್ಕೊಡೋರು. ನಾನು ಮೂವತ್ತೊರ್ಸ ಹುಡುಗ್ರ ಕಾಲು ನೋಡ್ದೋನು. ಕಬಡ್ಡಿಲಿ ಎಂಥೆಂಥ ಕಾಲು ಸರಿ ಮಾಡಿದೀನಿ ಗೊತ್ತಾ?"

"ನಿಮ್ಮಣ್ಣ ಕಬಡ್ಡಿ ಆಡ್ತಿರಲಿಲ್ಲ ಮೇಷ್ಟ್ರೇ. ತಿಂಗಳಿಂದ ಮಲಗಿದ್ರು."

ಭಾವ ನಡುವೆ ಬಂದರು. ಅವರದು ಯಾವಾಗಲೂ ರಾಜಿ ಮಾಡಿಸುವ ಸ್ವಭಾವ. "ಇರ್ಲಿ ಬುಡಮ್ಮ. ಇವತ್ತು ಭಾನ್ವಾರ, ಡಾಕ್ಟ್ರು ಯಾರಿರ್ತಾರೆ? ನಾಳೆ ಹೋದ್ರಾಯ್ತು. ಬಾ, ಮೊದ್ಲು ದೋಸೆ ತಿನ್ನು."

ಹೀಗೆಂದು ನನಗೆ ದೋಸೆ ತಿನ್ನಿಸಲು ಕುರ್ಚಿಯಿಂದ ಎದ್ದರು. ಜಗಲಿಯ ಮೆಟ್ಟಿಲು ಹತ್ತಿದರು. ಕಂಬ ಹಿಡಿದುಕೊಂಡರು. ಅಷ್ಟೇ. ಮುಂದಿನ ಹೆಜ್ಜೆ ಇಡಲಿಲ್ಲ. ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದರು, ಉಸಿರು ಸಾಲುತ್ತಿರಲಿಲ್ಲ. ಚಳಿಯ ಬೆಳಿಗ್ಗೆ ಹಣೆಯ ಮೇಲೆ ಬೆವರು. ಮುಖ ಬೂದಿ ಬಣ್ಣಕ್ಕೆ ತಿರುಗಿತು.

"ಎದೆ... ಹಿಡ್ಕಂಡಂಗಾಯ್ತದೆ..." ಎಂದರು.

"ಗ್ಯಾಸು!" ಎಂದರು ಮೇಷ್ಟ್ರು.

ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೃದಯವಿಲ್ಲ. ಶ್ವಾಸಕೋಶವೂ ಇಲ್ಲ. ಎಲ್ಲರಿಗೂ ಇರುವುದು ಗ್ಯಾಸು. ಎದೆ ನೋವಿಗೆ ಗ್ಯಾಸು, ತಲೆ ಸುತ್ತಿಗೆ ಗ್ಯಾಸು, ಮಾತು ತೊದಲಿದರೂ ಗ್ಯಾಸು ತಲೆಗೇರಿದ್ದು. ಎಲ್ಲಕ್ಕೂ ಒಂದೇ ಔಷಧ, ನಿಂಬೆಹಣ್ಣಿನ ಸೋಡಾ. ಮೇಷ್ಟ್ರು ಸೋಡಾ ತರಲು ಅಂಗಡಿಗೆ ಓಡುವಷ್ಟರಲ್ಲಿ ಅಕ್ಕನೂ ನಾನೂ ಭಾವನನ್ನು ಕಾರಿಗೆ ಹತ್ತಿಸಿದ್ದೆವು. ಕಾರು ಹೊರಡುವಾಗ ಅವರು ಸೋಡಾ ಬಾಟಲಿ ಸಮೇತ ಮುಂದಿನ ಸೀಟಿಗೆ ಹಾರಿ ಕೂತರು.

ಹೊನ್ನವಳ್ಳಿಯಿಂದ ತಿಪಟೂರು ಎಷ್ಟು ಹತ್ತಿರ! ಸ್ಕೂಟರಿನವರು ಒಂದು ಪ್ಯಾಕೆಟ್ ಸೂಜಿ ಬೇಕಾದರೂ ಹೋಗಿಬರುತ್ತಾರೆ. ಅವತ್ತು ಮಾತ್ರ ಆ ರಸ್ತೆ ಮುಗಿಯಲೇ ಇಲ್ಲ. ಹಿಂದಿನ ಸೀಟಿನಲ್ಲಿ ಭಾವನ ತಲೆ ಅಕ್ಕನ ಹೆಗಲ ಮೇಲಿತ್ತು. ಮುಂದಿನ ಸೀಟಿನಲ್ಲಿ ಮೇಷ್ಟ್ರು ಹಿಂದಕ್ಕೆ ತಿರುಗಿ ಡ್ರಿಲ್ ಮಾಡಿಸುತ್ತಿದ್ದರು. "ಉಸ್ರು ತಗಾ ಅಣ್ಣಾ, ಒನ್, ಟೂ. ಬುಡು, ತ್ರೀ, ಫೋರ್."

"ಬಾಯಿ ಮುಚ್ಚು ಬಸಣ್ಣಾ," ಎಂದಳು ಅಕ್ಕ. ಮದುವೆಯಾಗಿ ಆ ಮನೆಗೆ ಬಂದ ಮೇಲೆ ಅವಳು ಮೈದುನನಿಗೆ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಾರು ಓಡಿಸುತ್ತಿದ್ದವಳು ನಾನು. ಭಾವ ದಾರಿಯಲ್ಲೇ ಹೋಗಿಬಿಡುತ್ತಾರೆ ಎಂದು ನಾನು ಆಗಲೇ ಅಂದುಕೊಂಡುಬಿಟ್ಟಿದ್ದೆ. ಸುಳ್ಳೇಕೆ ಹೇಳಲಿ?

ಹೋಗಲಿಲ್ಲ. ಭಾನುವಾರವೂ ಡಾಕ್ಟರಿದ್ದರು. (ಇರುತ್ತಾರೆ ಕಣ್ರೀ. ಎಮರ್ಜೆನ್ಸಿ ಎಂಬುದಕ್ಕೆ ವಾರದ ರಜೆ ಇಲ್ಲ.) ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಭಾವನ ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿದರು, ಕಾಲು ನೋಡಿದರು, ಪ್ಲಾಸ್ಟರಿನ ಕತೆ ಕೇಳಿದರು. ಮೂಗಿಗೆ ಆಕ್ಸಿಜನ್ ಹಾಕಿಸಿ, ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸ್ ಹೇಳಿ ತುಮಕೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಆಯಿತು. ಕಾಲಿನ ಒಳನಾಳದಲ್ಲಿ ಕಟ್ಟಿದ್ದ ಹೆಪ್ಪಿನ ಒಂದು ತುಂಡು ಕಿತ್ತುಕೊಂಡು, ಹೃದಯದ ಮೂಲಕ ಹಾದು, ಶ್ವಾಸಕೋಶದ ರಕ್ತನಾಳದಲ್ಲಿ ಹೋಗಿ ಸಿಕ್ಕಿಕೊಂಡಿತ್ತು. ಎಲ್ಲಿಗಾದರೂ ಹೋಗಲಿ ಎಂದು ಮೇಷ್ಟ್ರು ಹೇಳಿದ್ದರಲ್ಲ? ಅದು ಹೋದದ್ದು ಅಲ್ಲಿಗೆ.

ಮೂರನೆಯ ದಿನವೋ ಏನೋ, ಭಾವ ಕಣ್ಣು ಬಿಟ್ಟು ಕಾಫಿ ಕೇಳುವ ಹಾಗಾದ ಮೇಲೆ, ಅಕ್ಕನಿಗೆ ಮಾತು ಬಂತು. ರೌಂಡ್ಸಿಗೆ ಬಂದ ಹಿರಿಯ ಡಾಕ್ಟರನ್ನು ಕೇಳಿದಳು.

"ಹೆಪ್ಪು ಅಂದ್ರೆ ಹಾಲಿಗೆ ಹಾಕೋದು. ಇವ್ರ ರಕ್ತಕ್ಕೆ ಹೆಪ್ಪು ಹಾಕಿದ್ಯಾರು ಡಾಕ್ಟ್ರೇ?"

ಡಾಕ್ಟರು ನಗಲಿಲ್ಲ. "ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೇನ ಏನ್ ಮಾಡ್ತೀರಮ್ಮಾ?"

"ಏನಿಲ್ಲ. ಅಲುಗಾಡ್ಸದಂಗೆ ಒಂದು ಮೂಲೇಲಿ ಇಡ್ತೀವಿ."

"ಮನೆಯವರನ್ನ ತಿಂಗಳಿಂದ ಎಲ್ಲಿ ಇಟ್ಟಿದ್ರಿ?"

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು. ನನಗೆ ಅವಳನ್ನು ಕಂಡು ಪಾಪ ಅನ್ನಿಸಿತು. ಏಳಬೇಡಿ ಎಂದು ಕೂಗಿದವರೆಲ್ಲ ಎಳನೀರು ಇಟ್ಟು ಮನೆಗೆ ಹೋಗಿದ್ದರು. ಪ್ರಶ್ನೆ ಎದುರಿಸಲು ಇವಳೊಬ್ಬಳೇ ಉಳಿದಿದ್ದಳು.

ಡಾಕ್ಟರಿಗೂ ಹಾಗೇ ಅನ್ನಿಸಿರಬೇಕು. ಸ್ಟೂಲ್ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ನಾನು ಕಾಮರ್ಸಿನವಳಾದರೂ ನನಗೂ ಅರ್ಥವಾಯಿತು. ಆದ್ದರಿಂದ ನಿಮಗೂ ಆಗುತ್ತದೆ.

ಹೆಪ್ಪುಗಟ್ಟುವುದು ರೋಗವಲ್ಲ. ಗಟ್ಟದಿದ್ದರೆ ಅದು ರೋಗ. ಈಳಿಗೆ ಮಣೆಯಲ್ಲಿ ಬೆರಳು ಕುಯ್ದುಕೊಳ್ಳುತ್ತೀರಿ. ರಕ್ತ ಬರುತ್ತದೆ. ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಅದು ನಿಂತದ್ದು ನೀವು ಅರಿಶಿನ ಒತ್ತಿದ್ದರಿಂದ ಎಂದು ನೀವು ತಿಳಿದಿದ್ದೀರಿ. ಒಳಗೆ ನಡೆದದ್ದೇ ಬೇರೆ. ಮೊದಲು ಕುಯ್ದ ರಕ್ತನಾಳ ತನ್ನಷ್ಟಕ್ಕೆ ಬಿಗಿದುಕೊಳ್ಳುತ್ತದೆ. ಆಮೇಲೆ ಪ್ಲೇಟ್‌ಲೆಟ್‌ಗಳು (ಡೆಂಗ್ಯೂ ಬಂದಾಗ ಊರಿಗೆಲ್ಲ ಲೆಕ್ಕ ಹೇಳಿಕೊಂಡು ತಿರುಗುತ್ತೇವಲ್ಲ, ಅವೇ) ಓಡಿಬಂದು ಗಾಯಕ್ಕೆ ಅಂಟಿಕೊಳ್ಳುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಷ್ಟು ಸಾಲದು. ರಕ್ತದಲ್ಲಿ ಕೆಲವು ಪ್ರೋಟೀನುಗಳು ಸುಮ್ಮನೆ ತೇಲಿಕೊಂಡಿರುತ್ತವೆ. ಹೆಚ್ಚಿನವನ್ನು ತಯಾರಿಸುವುದು ಲಿವರು. ಗಾಯವಾದ ಸುದ್ದಿ ಸಿಕ್ಕ ಕೂಡಲೇ ಅವುಗಳಲ್ಲಿ ಒಂದು ಎಚ್ಚರಾಗುತ್ತದೆ. ಅದು ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಕೊನೆಗೆ ಫೈಬ್ರಿನ್ ಎಂಬ ಎಳೆಗಳು ಹುಟ್ಟಿ, ಪ್ಲೇಟ್‌ಲೆಟ್ ಗುಂಪಿನ ಮೇಲೆ ಬಲೆ ಹೆಣೆಯುತ್ತವೆ. ರಕ್ತಕಣಗಳು ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಹೆಪ್ಪು ರೆಡಿ.

ಇದಕ್ಕೆ ಬ್ರೇಕೂ ಇದೆ. ಗಾಯವಾದ ಜಾಗ ಬಿಟ್ಟು ಹೆಪ್ಪು ಮುಂದೆ ಹರಡದಂತೆ ತಡೆಯುವ ವಸ್ತುಗಳು ರಕ್ತದಲ್ಲೇ ಇವೆ. ಗಾಯ ಮಾಯುತ್ತಾ ಬಂದಾಗ ಬಲೆಯನ್ನು ಕರಗಿಸುವವೂ ಇವೆ. ಕೆಲಸ ಮುಗಿದ ಮೇಲೆ ಜಾಗ ಖಾಲಿ ಮಾಡುವುದು ನಮ್ಮ ದೇಶದಲ್ಲಿ ರಕ್ತಕ್ಕೊಂದಕ್ಕೇ ಗೊತ್ತಿರುವುದು.

ಹಾಗಾದರೆ ಗಾಯವೇ ಇಲ್ಲದ ಕಡೆ ಹೆಪ್ಪು ಯಾಕೆ? ರಕ್ತ ಹರಿಯದೆ ನಿಂತರೆ ಕಟ್ಟಬಹುದು. ನಾಳದ ಒಳಗೋಡೆಗೆ ಪೆಟ್ಟಾದರೆ ಕಟ್ಟಬಹುದು. ರಕ್ತವೇ ಕಟ್ಟಲು ತುದಿಗಾಲಲ್ಲಿ ನಿಂತಿದ್ದರೂ ಕಟ್ಟಬಹುದು. ದೊಡ್ಡ ಆಪರೇಷನ್ ಆದಾಗ, ಮೂಳೆ ಮುರಿದಾಗ, ಬಸುರಿಯಾದಾಗ, ಬಾಣಂತಿಯಾದಾಗ, ಕ್ಯಾನ್ಸರ್ ಇದ್ದಾಗ, ಕೆಲವು ಹಾರ್ಮೋನ್ ಮಾತ್ರೆ ತಿನ್ನುವಾಗ ರಕ್ತ ಹಾಗಿರುತ್ತದಂತೆ. ಕೆಲವರಿಗೆ ವಂಶದಿಂದಲೇ ಬರುತ್ತದಂತೆ. ಇನ್ನು ಕಾಲಿನ ರಕ್ತ ಮೇಲೆ ಹತ್ತಬೇಕು. ನಾವು ನಡೆದಾಗ ಮೀನಖಂಡದ ಸ್ನಾಯು ಬಿಗಿದು ಸಡಿಲವಾಗಿ ಅದನ್ನು ಮೇಲಕ್ಕೆ ಒತ್ತುತ್ತದೆ. ನಡೆಯದಿದ್ದರೆ? ರಕ್ತ ಅಲ್ಲೇ ಮಡುಗಟ್ಟುತ್ತದೆ. ಭಾವನಿಗೆ ಮುರಿದ ಮೂಳೆಯನ್ನು ಏಣಿ ಕೊಟ್ಟಿತು. ಉಳಿದದ್ದನ್ನೆಲ್ಲ ಬಂಧುಬಳಗ ಒದಗಿಸಿತು.

ಇದೇ ಹೆಪ್ಪು ಹೃದಯದ ನಾಳದಲ್ಲಿ ಕಟ್ಟಿದರೆ ಹಾರ್ಟ್ ಅಟ್ಯಾಕ್. ಮೆದುಳಿನ ನಾಳದಲ್ಲಾದರೆ ಸ್ಟ್ರೋಕ್. ಕಾಲಿನಿಂದ ಹೊರಟು ಶ್ವಾಸಕೋಶಕ್ಕೆ ಹೋದರೆ ಭಾವನ ಗತಿ. ಒಂದೇ ಕಾಲು ಊದಿ, ಬಿಸಿಯಾಗಿ, ನೋವಾದರೆ ತಿಕ್ಕಬಾರದು, ಒತ್ತಬಾರದು, ಡಾಕ್ಟರ ಹತ್ತಿರ ಹೋಗಬೇಕು. "ಉಜ್ಜಿದ್ರೆ ಕರಗಲ್ಲ, ಕಿತ್ಕೊಂಡು ಬರಬಹುದು," ಎಂದರು ಡಾಕ್ಟರು. ಆ ಮಾತಿನ ಹೊತ್ತಿಗೆ ಸರಿಯಾಗಿ, ಮಂಚದ ಆಚೆ ನಿಂತಿದ್ದ ಮೇಷ್ಟ್ರಿಗೆ ಫೋನ್ ಬಂತು. ಹಲೋ ಹಲೋ ಎನ್ನುತ್ತಾ ವಾರ್ಡಿನಿಂದ ಹೊರಗೆ ಹೋದರು. ಫೋನ್ ರಿಂಗಾದ ಸದ್ದನ್ನು ನಾನಂತೂ ಕೇಳಲಿಲ್ಲ.

ಭಾವ ಮನೆಗೆ ಬಂದರು. ಇನ್ನೇನು ಸುಖಾಂತ ಎಂದುಕೊಂಡಿರಾ? ಆಗ ಇನ್ನೊಂದು ಪದ ಬಂದು ವಕ್ಕರಿಸಿತು. "ತೆಳು."

ಹೊಸ ಹೆಪ್ಪು ಕಟ್ಟದಂತೆ, ಇರುವುದು ಬೆಳೆಯದಂತೆ ಒಂದು ಮಾತ್ರೆ ಬರೆದುಕೊಟ್ಟಿದ್ದರು. ಇರುವ ಹೆಪ್ಪನ್ನು ದೇಹವೇ ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ. ರಕ್ತ ಕಟ್ಟುವುದು ಸ್ವಲ್ಪ ತಡವಾಗುತ್ತದೆಯೇ ಹೊರತು ಈ ಮಾತ್ರೆಯಿಂದ ರಕ್ತವೇನೂ ನೀರಾಗುವುದಿಲ್ಲ. ಆದರೆ ಇದಕ್ಕೆ ರಕ್ತ ತೆಳು ಮಾಡುವ ಮಾತ್ರೆ ಎಂದು ಯಾರೋ ಪುಣ್ಯಾತ್ಮರು ಹೆಸರಿಟ್ಟಿದ್ದಾರೆ. ಅವರು ನಮ್ಮ ಕಡೆಯವರಲ್ಲ, ಖಂಡಿತ. ನಮ್ಮಲ್ಲಿ ತೆಳು ಎಂದರೆ ಬೈಗುಳ. ಹಾಲು ತೆಳುವಾದರೆ ಡೈರಿಯಲ್ಲಿ ಮಾನ ಹೋಗುತ್ತದೆ. ಸಾರು ತೆಳುವಾದರೆ ಸೊಸೆಯ ಮಾನ ಹೋಗುತ್ತದೆ. ಇನ್ನು ರಕ್ತವೇ ತೆಳುವಾದರೆ?

"ಇರೋ ರಕ್ತನೇ ಕಮ್ಮಿ. ಅದ್ಕೂ ನೀರು ಬೆರಸ್ತಾವ್ರಾ?" ಎಂದು ನೋಡಲು ಬಂದವರು ಕೆನ್ನೆಗೆ ಕೈ ಇಟ್ಟುಕೊಂಡರು. (ಹೌದು, ಮತ್ತೆ ಬಂದರು. ಈ ಸಲ ಎಳನೀರಿನ ಜೊತೆ ಬೀಟ್‌ರೂಟು, ದಾಳಿಂಬೆಯೂ ಬಂದವು.) "ಬುಟ್ಬುಡಿ ಆ ಮಾತ್ರೆ. ನಿಶ್ಶಕ್ತಿ ಆಗೋಯ್ತದೆ," ಎಂದು ಒಬ್ಬರು ಹೇಳಿದರು. ಭಾವನಿಗೂ ಅದು ಸರಿ ಎನ್ನಿಸಿತು. ರಾತ್ರಿ ಊಟಕ್ಕೆ ಕೂತಾಗ, "ಇವತ್ತಿಂದ ಮಾತ್ರೆ ಸಾಕು ಕಣೇ," ಎಂದರು.

ಅಕ್ಕ ಬಡಿಸಲು ತಂದಿದ್ದ ಮುದ್ದೆಯನ್ನು ವಾಪಸ್ ಒಳಗೆ ತೆಗೆದುಕೊಂಡು ಹೋದಳು.

"ಯಾಕೇ?"

"ಮಾತ್ರೆ ನುಂಗಿದ್ರೆ ಮುದ್ದೆ. ಇಲ್ದಿದ್ರೆ ಇಲ್ಲ. ನಿಲ್ಸೋದು ಯಾವಾಗ ಅಂತ ಬರ್ಕೊಟ್ಟೋರು ಹೇಳ್ಬೇಕು. ಬೀಟ್‌ರೂಟ್ ತಂದೋರಲ್ಲ."

ಭಾವ ನುಂಗಿದರು. ಮುದ್ದೆಯ ಮುಂದೆ ಹಟ ಮಾಡುವ ಗಂಡಸು ನಮ್ಮ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಅಂದಿನಿಂದ ಅಕ್ಕ ಬೇರೆಯೇ ಆದಳು. ನಡುಮನೆಯ ಮಂಚ ಕೋಣೆಗೆ ವಾಪಸ್ ಹೋಯಿತು. ಡಾಕ್ಟರು ಒಪ್ಪಿದ ಮೇಲೆ ಬೆಳಿಗ್ಗೆ ಸಂಜೆ ಭಾವನನ್ನು ತೋಟದ ತುದಿಯವರೆಗೆ ನಡೆಸತೊಡಗಿದಳು. ಆ ಮಾತ್ರೆಯಿಂದ ಒಳಗೆಲ್ಲಾದರೂ ರಕ್ತ ಸೋರಬಹುದೆಂದು ಡಾಕ್ಟರು ಎಚ್ಚರಿಸಿದ್ದರು; ವಸಡಿನಲ್ಲಿ ರಕ್ತ ಬಂತೇ, ಮಲ ಕಪ್ಪಗಾಯಿತೇ ಎಂದು ದಿನಾ ವಿಚಾರಣೆ. ತಲೆಗೆ ಪೆಟ್ಟು ಬಿದ್ದೀತೆಂದು ಅಟ್ಟದ ಏಣಿಯನ್ನೇ ಕೊಟ್ಟಿಗೆಗೆ ಹಾಕಿ ಬೀಗ ಜಡಿದಳು. ಮೊಣಕಾಲು ನೋವೆಂದು ಅಂಗಡಿಯಿಂದ ತರಿಸಿಕೊಂಡ ನೋವಿನ ಮಾತ್ರೆಯನ್ನು ಕಿತ್ತುಕೊಂಡು, ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಅದರಿಂದ ರಕ್ತ ಸೋರುವುದು ಹೆಚ್ಚುತ್ತದೆಂದು ತಿಳಿದು, ಒಲೆಗೆ ಹಾಕಿದಳು.

ಊರು ಏನೆಂದಿತು? "ಅಯ್ಯೋ, ಸಾವಿನ ಬಾಯಿಂದ ಬಂದ ಗಂಡನ್ನ ದನ ಹೊಡ್ದಂಗೆ ಹೊಡ್ಕೊಂಡು ತಿರುಗ್ತಾಳಲ್ಲ! ಕಲ್ಲು ಮನಸ್ಸು." ಮಲಗಿಸಿ ಸಾಯಿಸುತ್ತಿದ್ದಾಗ ಇದೇ ಬಾಯಿಗಳು ಮಹಾ ಪತಿವ್ರತೆ ಎಂದಿದ್ದವು. ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕ ಮಾತ್ರ, "ಅಂದ್ಕಳ್ಲಿ ಬುಡು. ನಂಗೆ ಇವ್ರು ಬೇಕು," ಎಂದಳು.

ಹಾಗಾದರೆ ಭಾವನನ್ನು ಉಳಿಸಿದವರು ಯಾರು? ತಿಪಟೂರಿನ ಡಾಕ್ಟರಮ್ಮ? ತುಮಕೂರಿನವರು? ಅಕ್ಕ? ತಪ್ಪು. ಊರಿನ ತೀರ್ಪು ಬೇರೆಯೇ ಇದೆ. "ಬಸಣ್ಣ ಅವತ್ತು ತಿಕ್ಕಿ ತಿಕ್ಕಿ ಗಂಟು ಸಡ್ಲ ಮಾಡಿದ್ದಕ್ಕೇ ಆಸ್ಪತ್ರೆಯೋರಿಗೆ ಸಲೀಸಾಯ್ತು!" ಮೊದಲು ಹೇಳಿದವರು ಯಾರೋ ತಿಳಿಯದು. ಮೇಷ್ಟ್ರಂತೂ ಅಲ್ಲಗಳೆಯಲಿಲ್ಲ. ಎಣ್ಣೆಗೆ ಏನೇನೋ ಸೊಪ್ಪು ಹಾಕಿ ಕಾಯಿಸಿ ಬಾಟಲಿ ತುಂಬತೊಡಗಿದರು. ಕಾಲು ನೋವಿನವರು ಅವರ ಜಗಲಿಗೆ ಬರತೊಡಗಿದರು. ಮೇಷ್ಟ್ರ ಮನೆ ಅಕ್ಕನ ಮನೆಗೆ ಅಂಟಿಕೊಂಡೇ ಇದೆ, ಜಗಲಿಯೂ ಒಂದೇ.

ಮೊನ್ನೆ ನಾನು ಹೋದಾಗ ಅಲ್ಲೊಬ್ಬಾಕೆ ಕೂತಿದ್ದರು. ಐವತ್ತರ ಆಸುಪಾಸು. ಜೊತೆಯಲ್ಲಿ ಗಂಡ. ದಂಡಿನಶಿವರದಿಂದ ಬಂದಿದ್ದರು. ತಿಪಟೂರಿನಲ್ಲಿ ಇಳಿದು, ಬಸ್ಸು ಬದಲಾಯಿಸಿ, ಅಷ್ಟೂ ಆಸ್ಪತ್ರೆಗಳ ಬೋರ್ಡುಗಳನ್ನು ದಾಟಿ, ನಮ್ಮ ಪಿ.ಟಿ. ಮೇಷ್ಟ್ರನ್ನು ಹುಡುಕಿಕೊಂಡು! ಆಕೆಗೆ ಸ್ವಲ್ಪ ದಿನದ ಹಿಂದೆ ಗರ್ಭಕೋಶದ ಆಪರೇಷನ್ ಆಗಿತ್ತು. ಮನೆಯವರು ಮಂಚದಿಂದ ಇಳಿಯಲು ಬಿಟ್ಟಿರಲಿಲ್ಲ. ಸೀರೆ ಸರಿಸಿ ಕಾಲು ತೋರಿಸಿದರು. ಒಂದೇ ಕಾಲು ಊದಿತ್ತು.

ಮೇಷ್ಟ್ರು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಗಂಡನಿಗೆ ವಿವರಿಸುತ್ತಿದ್ದರು. "ನೀವೇ ತಿಕ್ಕಬೋದು. ಕೆಳಗಿಂದ ಮೇಲಕ್ಕೆ. ಚೆನ್ನಾಗಿ ಒತ್ಬೇಕು."

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಒಳಗಿನಿಂದ ಬಂದಿದ್ದಳು. ಕಾಲನ್ನು ನೋಡಿದಳು. ಮೈದುನನ ಕೈಯಿಂದ ಬಾಟಲಿ ಕಿತ್ತುಕೊಂಡು ಅಂಗಳಕ್ಕೆ ಸುರಿದಳು.

"ಅತ್ತಿಗೇ! ಅಣ್ಣನ್ನ ಉಳ್ಸಿದ್ದೇ ಈ ಎಣ್ಣೆ!"

"ನಿಮ್ಮಣ್ಣ ಉಳ್ದಿದ್ದು ನಿನ್ ಕೈಯಿಂದ ತಪ್ಪಿಸ್ಕಂಡಿದ್ದಕ್ಕೆ ಕಣಪ್ಪಾ." ಆಮೇಲೆ ಆ ಹೆಂಗಸಿನ ಕಡೆ ತಿರುಗಿದಳು. "ಏಳವ್ವಾ. ನಿಧಾನಕ್ಕೆ ಬಾ. ನನ್ ತಂಗಿ ಕಾರೈತೆ. ಇವ್ರಿಗೂ ಹಿಂಗೇ ಆಗಿತ್ತು. ಮಲಗ್ಸಿದ್ದೋಳು ನಾನೇ."

ಆಕೆಯ ಗಂಡ ಅನುಮಾನಿಸಿದ. ಅಕ್ಕ ಅವನನ್ನು ಕೇಳಲಿಲ್ಲ. ತಿಪಟೂರಿನಲ್ಲಿ ಅದೇ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿದರು. ತೊಡೆಯವರೆಗೂ ಹೆಪ್ಪು ಕಟ್ಟಿತ್ತು. ಇನ್ನೂ ಮೇಲೆ ಹೊರಟಿರಲಿಲ್ಲ. ಒಳ್ಳೇ ಹೊತ್ತಿಗೆ ಕರೆತಂದಿರಿ ಎಂದರು. ಆಕೆ ಅಕ್ಕನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅಕ್ಕನೂ ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಅಳುತ್ತಿದ್ದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತೆ.

ಆಕೆ ಚೇತರಿಸಿಕೊಂಡ ಸುದ್ದಿ ಬಂದ ದಿನ ಮೇಷ್ಟ್ರ ಫೋನು. ದನಿಯಲ್ಲಿ ಗೆದ್ದ ಉತ್ಸಾಹ.

"ನೋಡುದ್ರಾ ಮೇಡಂನೋರೇ? ದಂಡಿನಶಿವರದ ಆಯಮ್ಮನೂ ಉಳ್ಕಂಡ್ಳು! ಎಣ್ಣೆ ಚೆಲ್ಲುದ್ರಲ್ಲ, ಈಗೇನಂತೀರಿ? ನನ್ನತ್ರ ಬಂದೋರು ಯಾರಾದ್ರೂ ಒಬ್ರು ಸತ್ತಿದಾರಾ, ಹೇಳಿ ನೋಡನ?"

"ಇನ್ನೂ ಇಲ್ಲ, ಮೇಷ್ಟ್ರೇ."